ಆಶಪ್ಪ ಮೇಸ್ತ್ರಿಯ ಟ್ರಂಕು

ಮಕ್ತಲ್ ಕಡೆಯ ಗಾರೆ ಕೆಲಸದವರು ದುಡಿಯಲು ಊರು ಬಿಟ್ಟರೆ ತಮ್ಮ ಕಾಗದಪತ್ರವನ್ನೆಲ್ಲ ಮೇಸ್ತ್ರಿಯ ಟ್ರಂಕಿಗೆ ಹಾಕುವುದು ಹಿಂದಿನಿಂದ ಬಂದ ವಾಡಿಕೆ. ಪುಣೆಯಲ್ಲಿರಲಿ, ಮುಂಬಯಿಯಲ್ಲಿರಲಿ, ಆಶಪ್ಪ ಮೇಸ್ತ್ರಿಯ ಟ್ರಂಕಿನಿಂದ ಒಂದು ರೇಷನ್ ಕಾರ್ಡೂ ಕಳೆದದ್ದಿಲ್ಲ. ಕಂಪನಿ ಅವನ ಗುಂಪನ್ನು ಗಲ್ಫಿಗೆ ಕಳಿಸಿದಾಗಲೂ ಎಲ್ಲರ ಪಾಸ್‌ಪೋರ್ಟುಗಳು ಅದೇ ಟ್ರಂಕು ಸೇರಿದವು. ಕೀಲಿಕೈ ಅವನ ಉಡಿದಾರದಲ್ಲಿ. "ನಿಮ್ಮನ್ನ ಕಾಯೋದು ನನ್ನ ಜಿಮ್ಮಾ" ಅನ್ನುತ್ತಿದ್ದ. ಜ್ವರ ಬಂದವನಿಗೆ ಗಂಜಿ ಕಾಸುತ್ತಿದ್ದವನೂ ಅವನೇ.

ಒಂದು ದಿನ ತಪಾಸಣೆಗೆ ಬಂದು ಅಂಥವನ ಟ್ರಂಕು ತೆಗೆಸಿದ ಅಲ್ಲಿಯ ಕಾರ್ಮಿಕ ಇಲಾಖೆಯ ಅಧಿಕಾರಿ, "ಇನ್ನೊಬ್ಬರ ಪಾಸ್‌ಪೋರ್ಟು ಇಟ್ಟುಕೊಳ್ಳೋದು ಅಪರಾಧ" ಎಂದು ಹಿಂದಿಯಲ್ಲಿ ಗದರಿಸಿದಾಗ, ಆಶಪ್ಪನಿಗೆ ನಿಂತ ನೆಲವೇ ಕುಸಿದಂತಾಯಿತು. ಅಪರಾಧಿಯಾ ತಾನು? ತನ್ನವರತ್ತ ತಿರುಗಿ ಕೂಗಿದ: "ಹೇಳ್ರಲೇ! ಯಾರಾದ್ರೂ ಕೇಳಿದಾಗ ನಾ ಇಲ್ಲ ಅಂದೀನೇನು?"

ಗುಂಪಿನಿಂದ ಬಾಲರಾಜು ಮುಂದೆ ಬಂದ. ಹೋದ ತಿಂಗಳು ತಾಯಿ ಸತ್ತ ಸುದ್ದಿ ಬಂದರೂ ಊರಿಗೆ ಹೋಗದೆ ಕೆಲಸಕ್ಕೆ ನಿಂತವನು ಅವನು. ಅವತ್ತು ಆಶಪ್ಪ ಅವನ ಬೆನ್ನು ತಟ್ಟಿ, "ಗಟ್ಟಿ ಗುಂಡಿಗಿ ನಿಂದು" ಅಂದಿದ್ದ.

"ಇಲ್ಲ ಅಂದಿಲ್ರಿ ಮೇಸ್ತ್ರಿ," ಅಂದ ಬಾಲರಾಜು, ನೆಲ ನೋಡುತ್ತ. "ಅವ್ವ ಹೋದ ದಿನ ಕೇಳಾಕ ನಿಮ್ಮ ಬಾಗಿಲ ತನಕ ಬಂದಿದ್ನಿರಿ. ನೀವು ಟ್ರಂಕಿನ ಮ್ಯಾಲ ಕುಂತಿದ್ರಿ. ಏಳ್ರಿ ಅನ್ನಾಕ ನನಗ ಬಾಯಿ ಬರಲಿಲ್ರಿ."