ಮಲ್ಲೆಟ್ ತೊರೆಯ ನೀರಿಗೆ ಕಣ್ಣು ಕೊಟ್ಟವರು

ಉತ್ತರ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಸೀಮೆಯಲ್ಲಿ ನೀರಿನ ಶುದ್ಧಿಗಾಗಿ ದುಡಿದವರನ್ನು ನೆನೆಯಹೊರಟರೆ ವಿಜ್ಞಾನಿಗಳ ಹೆಸರುಗಳು ಹಲವು, ಅಧಿಕಾರಿಗಳ ಹೆಸರುಗಳು ಇನ್ನೂ ಹಲವು ನೆನಪಿಗೆ ಬರುತ್ತವೆ. ಆದರೆ ವಿಜ್ಞಾನಿಯ ಅಳತೆಯನ್ನೂ ಬೆಳೆಗಾರನ ಅಭಿಮಾನವನ್ನೂ ಒಂದೇ ಮೇಜಿನ ಮುಂದೆ ಕೂರಿಸಿ, ಆ ಸಂಧಾನವನ್ನೇ ಒಂದು ಉದ್ಯಮವಾಗಿ ಕಟ್ಟಿ ನಿಲ್ಲಿಸಿದವರು ಲೊರೆಟ್ಟಾ ಮಗ್ನಾನೊ ಅವರೊಬ್ಬರೇ ಎಂದು ಹೇಳಿದರೆ ಅದು ಅಭಿನಂದನ ಗ್ರಂಥದ ಉಪಚಾರದ ಮಾತಾಗುವುದಿಲ್ಲ. ಎಪ್ಪತ್ತು ತುಂಬಿದ ಈ ವರ್ಷ ಅವರು ತಾವೇ ಹುಟ್ಟುಹಾಕಿದ ಸಂಸ್ಥೆಯ ಹೊಣೆಯಿಂದ ಇಳಿಯುತ್ತಿದ್ದಾರೆ. ಆ ಸಂಸ್ಥೆಯ ಮೊದಲ ನೌಕರನೆಂಬ ಕಾರಣಕ್ಕೆ ಸಂಪಾದಕರು ನನ್ನಿಂದ ಲೇಖನ ಕೇಳಿದ್ದಾರೆ. ಹೊಗಳಿದರೆ ಆಕೆಗೆ ಆಗುವುದಿಲ್ಲವೆಂದು ಬಲ್ಲೆನಾದ್ದರಿಂದ ನಡೆದದ್ದನ್ನಷ್ಟೇ ಬರೆಯುತ್ತೇನೆ.

ಲೊರೆಟ್ಟಾ ಅವರು ಹುಟ್ಟಿದ್ದು ಮಲ್ಲೆಟ್ ತೊರೆಯ ದಂಡೆಯ ಮೇಲಿನ ಮಗ್ನಾನೊ ತೋಟದಲ್ಲಿ. ಅವರ ಅಜ್ಜ ಇಟಲಿಯ ಬೆಟ್ಟದ ಸೀಮೆಯಿಂದ ಕಬ್ಬು ಕಡಿಯಲು ಬಂದು, ಕಡಿಯುತ್ತ ಕಡಿಯುತ್ತಲೇ ನೆಲ ಕೊಂಡವರು. ಮೊಮ್ಮಗಳು ಕೃಷಿ ಓದಿ ಸರ್ಕಾರಿ ಇಲಾಖೆಯೊಂದರಲ್ಲಿ ಬೆಳೆಗಾರರ ಸಲಹೆಗಾರ್ತಿಯಾದರು. ನಮ್ಮ ಹೊಲಗಳಿಗೆ ಹಾಕಿದ ಯೂರಿಯಾದಲ್ಲಿ ಒಂದು ಪಾಲು ಮೊದಲ ದೊಡ್ಡ ಮಳೆಗೇ ಕರಗಿ, ಕಾಲುವೆಯಿಂದ ತೊರೆಗೆ, ತೊರೆಯಿಂದ ಸಮುದ್ರಕ್ಕೆ, ಅಲ್ಲಿಂದ ಹವಳದ ದಿಬ್ಬಗಳಿಗೆ ಮುಟ್ಟುತ್ತದೆಂದು ಅವರು ಬೆಳೆಗಾರರ ಟ್ರ್ಯಾಕ್ಟರ್ ಶೆಡ್ಡಿನಿಂದ ಶೆಡ್ಡಿಗೆ ಹೋಗಿ ಹೇಳಿದರು. ಎಲ್ಲರೂ ಚಹಾ ಕೊಟ್ಟರು, ಯಾರೂ ಗೊಬ್ಬರ ಕಡಿಮೆ ಮಾಡಲಿಲ್ಲ. ಅದಕ್ಕೆ ಕಾರಣವೂ ಇತ್ತು. ನೀರನ್ನು ಅಳೆಯುತ್ತಿದ್ದದ್ದು ನದಿ ಸಮುದ್ರ ಸೇರುವ ಬಾಯಲ್ಲಿ. ವರದಿ ಬರುತ್ತಿದ್ದದ್ದು ಮುಂದಿನ ಕಟಾವು ಮುಗಿದ ಮೇಲೆ. ಅದರಲ್ಲಿ ಇಡೀ ಕಣಿವೆಯ ಪಾಪ ಒಟ್ಟಿಗೆ ಇರುತ್ತಿತ್ತೇ ಹೊರತು ಯಾರದು ಎಷ್ಟೆಂಬುದು ಇರುತ್ತಿರಲಿಲ್ಲ. ಕೆಳಗಿನವರು ಮೇಲಿನವರತ್ತ ಕೈ ತೋರಿಸುತ್ತಿದ್ದರು, ಮೇಲಿನವರು ಊರಿನ ಮೋರಿಯತ್ತ. ಬೆಳೆಗಾರರು ಹಟಮಾರಿಗಳೆಂದು ಇಲಾಖೆಯಲ್ಲಿ ಎಲ್ಲರೂ ತೀರ್ಮಾನಿಸಿದ್ದಾಗ, ತನ್ನ ಕಾಲುವೆಯನ್ನು ತಾನು ಕಾಣದವನಿಗೆ ಬುದ್ಧಿ ಹೇಳುವುದರಲ್ಲಿ ಅರ್ಥವಿಲ್ಲವೆಂದು ಯೋಚಿಸಿದವರು ಲೊರೆಟ್ಟಾ ಅವರು.

ನಾನು ಅವರನ್ನು ಮೊದಲು ಕಂಡಾಗ ಸಕ್ಕರೆ ಗಿರಣಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೆ. ಕಬ್ಬಿನ ರಸದ ಮೂಲಕ ಬೆಳಕು ಹಾಯಿಸಿ ಅದರ ಸಿಹಿಯನ್ನು ಅಳೆಯುವ ಉಪಕರಣ ನನ್ನ ಜವಾಬ್ದಾರಿಯಾಗಿತ್ತು. ಒಂದು ದಿನ ಆಕೆ ಒಳಗೆ ಬಂದು, ಕುಳಿತುಕೊಳ್ಳದೆ, ರಸದಲ್ಲಿ ಸಕ್ಕರೆ ಕಾಣುವ ಬೆಳಕಿಗೆ ನೀರಿನಲ್ಲಿ ಗೊಬ್ಬರ ಕಾಣುವುದಿಲ್ಲವೇ ಎಂದು ಕೇಳಿದರು. ಕಾಣುತ್ತದೆ, ಆದರೆ ಮಳೆಗಾಲದ ನೀರು ಕೆಸರು, ಕೆಸರನ್ನೂ ಗೊಬ್ಬರವನ್ನೂ ಯಂತ್ರ ಒಂದಕ್ಕೊಂದು ಬೆರೆಸಿಬಿಡುತ್ತದೆ ಎಂದೆ.

"ಯಾವುದು ಕೆಸರು, ಯಾವುದು ಗೊಬ್ಬರ ಅಂತ ಯಂತ್ರಕ್ಕೆ ಕಲಿಸೋಕಾಗಲ್ವಾ ಮಾರ್ಟಿನ್? ಈಗ ಕಂಪ್ಯೂಟರು ಮನುಷ್ಯರ ಮುಖಾನೇ ಗುರುತು ಹಿಡಿಯತ್ತಂತೆ."

"ಆಗತ್ತೆ. ಆದ್ರೆ ಅದಕ್ಕೆ ಸಾವಿರಗಟ್ಟಲೆ ಉದಾಹರಣೆ ತೋರಿಸ್ಬೇಕು. ಅಷ್ಟೊಂದು ನೀರು ಯಾರು ತಂದ್ಕೊಡ್ತಾರೆ?"

"ನೀರು ನಾನು ತರ್ತೀನಿ. ನೀನು ಗಿರಣಿ ಬಿಡು."

ಐವತ್ತು ದಾಟಿದ ಮೇಲೆ, ಭದ್ರವಾದ ಸರ್ಕಾರಿ ಹುದ್ದೆಯನ್ನು ಬಿಟ್ಟು ಉದ್ಯಮಕ್ಕೆ ಇಳಿಯುವ ಹೆಂಗಸನ್ನು ನಮ್ಮ ಊರು ಯಾವ ದೃಷ್ಟಿಯಿಂದ ನೋಡಿತೆಂಬುದನ್ನು ವಿವರಿಸಬೇಕಿಲ್ಲ. ಮುಚ್ಚಿಹೋಗಿದ್ದ ಒಂದು ಮಾಂಸದಂಗಡಿಯನ್ನು ನಾವು ಬಾಡಿಗೆಗೆ ಹಿಡಿದೆವು. ಹಸುವಿನ ತೊಡೆಗಳು ತೂಗುತ್ತಿದ್ದ ಶೀತಕೋಣೆಯಲ್ಲಿ ತೊರೆಯ ನೀರಿನ ಶೀಶೆಗಳು ಸಾಲುಗಟ್ಟಿದವು. ಪ್ರತಿಯೊಂದು ಶೀಶೆಯ ನೀರನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಆ ಉತ್ತರವನ್ನೂ ಬೆಳಕಿನ ಉಪಕರಣ ಕಂಡದ್ದನ್ನೂ ಜೊತೆಗಿಟ್ಟು ಕಂಪ್ಯೂಟರಿಗೆ ತೋರಿಸುತ್ತ ಹೋದೆವು. ಅದು ಮೊದಲು ಕಂಡಕಂಡದ್ದಕ್ಕೆಲ್ಲ ಗೊಬ್ಬರವೆಂದಿತು. ಎರಡು ಮಳೆಗಾಲ ಕಳೆಯುವ ಹೊತ್ತಿಗೆ ನನಗಿಂತ ಚೆನ್ನಾಗಿ ಕೆಸರನ್ನು ಗುರುತಿಸತೊಡಗಿತು. ಕೃತಕ ಬುದ್ಧಿಮತ್ತೆ ಎಂಬ ದೊಡ್ಡ ಹೆಸರಿನ ಹಿಂದೆ ಇಷ್ಟು ಶೀಶೆ ತೊಳೆಯುವ ಕೆಲಸವಿದೆಯೆಂದು ನನಗೆ ಗೊತ್ತಿದ್ದರೆ ಗಿರಣಿ ಬಿಡುತ್ತಿದ್ದೆನೋ ಇಲ್ಲವೋ.

ದುಂಡುತಲೆ, ಬಾಲದಂಥ ಉದ್ದ ತಂತಿ ಇದ್ದ, ಕಾಲುವೆ ತೊರೆಗಳ ನೀರಿನಲ್ಲೇ ಇಳಿಬಿಟ್ಟ ನಮ್ಮ ಉಪಕರಣವನ್ನು ಬೆಳೆಗಾರರು ಗೊದಮೊಟ್ಟೆ ಎಂದು ಕರೆದರು. ಹಾಸ್ಯಕ್ಕೆ ಇಟ್ಟ ಹೆಸರನ್ನೇ ಲೊರೆಟ್ಟಾ ಅವರು ಸಂಸ್ಥೆಗೆ ಇಟ್ಟುಬಿಟ್ಟರು. ಮೊದಲ ಮಹಾಪೂರ ಗೊದಮೊಟ್ಟೆಗಳಲ್ಲಿ ಅರ್ಧವನ್ನು ಸಮುದ್ರಕ್ಕೆ ಒಯ್ದಿತು. ಉಳಿದವುಗಳಲ್ಲಿ ಒಂದನ್ನು ಮೊಸಳೆಯೊಂದು ಅಗಿದು ಉಗುಳಿತ್ತು. ಅದನ್ನು ತೆಗೆಯಲು ನೀರಿಗಿಳಿಯಲಾರೆನೆಂದು ನಾನು ಹಟ ಹಿಡಿದಾಗ ಆಕೆ ಗದರಲಿಲ್ಲ. ಮರುದಿನವೇ ಎಲ್ಲ ಉಪಕರಣಗಳನ್ನೂ ದಂಡೆಯಿಂದಲೇ ಮೇಲೆತ್ತುವ ತೋಳುಗಳನ್ನು ಮಾಡಿಸಿದರು.

ಅವರ ಔದಾರ್ಯ ಯಾವಾಗಲೂ ಇಂಥ ಬಗೆಯದು. ಅದು ಏರ್ಪಾಡಿನ ರೂಪದಲ್ಲಿ ಬರುತ್ತಿತ್ತು, ಮಾತಿನ ರೂಪದಲ್ಲಲ್ಲ. ಮುಂದೆ ನಮ್ಮ ಯಂತ್ರ ಹೊಲದ ಮಣ್ಣು, ಕಬ್ಬಿನ ವಯಸ್ಸು, ಮಳೆಯ ಮುನ್ಸೂಚನೆ ಎಲ್ಲವನ್ನೂ ಕೂಡಿಸಿ ನೋಡಿ, ಇಂದು ಗೊಬ್ಬರ ಹಾಕಿದರೆ ಇಷ್ಟು ಕೊಚ್ಚಿಹೋದೀತು, ನಾಲ್ಕು ದಿನ ತಡೆದರೆ ಇಷ್ಟು ಉಳಿದೀತು ಎಂದು ಪ್ರತಿ ಬೆಳೆಗಾರನ ಫೋನಿಗೆ ಬರೆದು ಕಳಿಸುವಷ್ಟು ಕಲಿಯಿತು. ಆಗ ಲೊರೆಟ್ಟಾ ಅವರು, ಬರೆದರೆ ಸಾಲದು, ಅದು ಬಾಯಿಬಿಟ್ಟು ಹೇಳಬೇಕೆಂದು ಪಟ್ಟು ಹಿಡಿದರು. ಅದು ಎರಡು ತಿಂಗಳ ಕೆಲಸ, ಏಕೆಂದು ಕೇಳಿದೆ. ಟ್ರ್ಯಾಕ್ಟರಿನ ಮೇಲಿರುವವನ ಕೈ ಗ್ರೀಸಿನಲ್ಲಿರುತ್ತದೆ ಎಂದರು. ನಿಜವಾದ ಕಾರಣ ಟೆಡ್ ಹ್ಯಾಲೊರನ್. ತೊರೆಯ ಮೇಲ್ಭಾಗದ ಅತಿ ದೊಡ್ಡ ಬೆಳೆಗಾರರಾದ ಟೆಡ್ ನಮ್ಮ ಅತಿ ದೊಡ್ಡ ವಿರೋಧಿಯೂ ಆಗಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ಅದು ಅವರ ಹೆಂಡತಿಯನ್ನು ಬಿಟ್ಟರೆ ಲೊರೆಟ್ಟಾ ಅವರಿಗಷ್ಟೇ ಗೊತ್ತಿತ್ತು. ಒಬ್ಬರ ಮರ್ಯಾದೆ ಉಳಿಸಲು ಕಣಿವೆಯ ಎಲ್ಲ ಫೋನುಗಳಿಗೂ ದನಿ ಕೊಡಿಸಿದರು. ಕಳೆದ ವರ್ಷ ಟೆಡ್ ಅವರೇ ಕ್ಲಬ್ಬಿನಲ್ಲಿ ಎಲ್ಲರೆದುರು ಇದನ್ನು ಹೇಳಿಕೊಂಡರು. ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆದಿದ್ದೇನೆ.

ಬೆಳೆಗಾರರು ತಮ್ಮ ಕಾಲುವೆಗಳಿಗೆ ನಮ್ಮನ್ನು ಬಿಟ್ಟುಕೊಂಡದ್ದು ಒಂದೇ ಒಂದು ಮಾತಿನ ಮೇಲೆ. ಒಂದು ಹೊಲದ ಲೆಕ್ಕ ಆ ಹೊಲದವನದು, ಅವನು ಒಪ್ಪದೆ ಅದು ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ ಎಂದು ಲೊರೆಟ್ಟಾ ಅವರು ಪ್ರತಿಯೊಬ್ಬರ ಅಡುಗೆಮನೆಯಲ್ಲಿ ಕುಳಿತು ಮಾತು ಕೊಟ್ಟಿದ್ದರು. ಆ ಮಾತು ಅವರನ್ನು ಎಷ್ಟು ಕಠಿಣವಾಗಿ ಪರೀಕ್ಷಿಸಿತೆಂಬುದೇ ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ.

ನಾಲ್ಕನೆಯ ಮಳೆಗಾಲದಲ್ಲಿ ಯಂತ್ರ, ತೊರೆ ಹೊತ್ತೊಯ್ಯುವ ಗೊಬ್ಬರದ ಒಟ್ಟು ಹೊರೆಯಲ್ಲಿ ಯಾವ ಕಾಲುವೆಯ ಪಾಲು ಎಷ್ಟೆಂದು ತೋರಿಸಿತು. ಒಂದು ಕಾಲುವೆ ಉಳಿದವುಗಳಿಗಿಂತ ಬಹಳ ಮೇಲಿತ್ತು. ಅದು ಮಗ್ನಾನೊ ತೋಟದ್ದು; ತಂದೆಯ ನಂತರ ಅದನ್ನು ನೋಡಿಕೊಳ್ಳುತ್ತಿದ್ದವರು ಲೊರೆಟ್ಟಾ ಅವರ ತಮ್ಮ ಡೀನೊ. ನಾನು ಪರದೆಯನ್ನು ಆಕೆಯತ್ತ ತಿರುಗಿಸಿದೆ. ಬಹಳ ಹೊತ್ತು ನೋಡಿ, ಕೆಸರನ್ನು ಮತ್ತೆ ಗೊಬ್ಬರವೆಂದುಕೊಂಡಿರಬಹುದೇ ಎಂದು ಕೇಳಿದರು. ತಾವೇ ಹೋಗಿ ಶೀಶೆಗಳಲ್ಲಿ ನೀರು ತುಂಬಿ ತಂದರು. ಪ್ರಯೋಗಾಲಯವೂ ಅದನ್ನೇ ಹೇಳಿತು.

ಭಾನುವಾರ ಅವರು ತಮ್ಮನ ಮನೆಗೆ ಊಟಕ್ಕೆ ಹೋದಾಗ ಉಪಕರಣ ಸರಿಪಡಿಸುವ ನೆಪದಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ಡೀನೊ ಮನೆಯಲ್ಲೇ ಮಾಡಿದ ಸಾಸೇಜನ್ನು ಬಡಿಸಿ, ವಿಷಯ ಕೇಳಿ, ತಟ್ಟೆಯನ್ನು ದೂರ ಸರಿಸಿದರು.

"ಅಪ್ಪ ಎಷ್ಟು ಹಾಕ್ತಿದ್ರೋ ಅಷ್ಟೇ ಹಾಕ್ತಿದೀನಿ ಲೋರಿ. ಒಂದು ಚೀಲ ಜಾಸ್ತಿ ಇಲ್ಲ."

"ಗೊತ್ತು ಕಣೋ. ಅಪ್ಪಂದೂ ಜಾಸ್ತೀನೇ ಇತ್ತು. ಅವ್ರಿಗೆ ಕಾಣ್ತಿರ್ಲಿಲ್ಲ, ಅಷ್ಟೇ."

"ಸತ್ತೋರ ಮೇಲೆ ಹೇಳೋಕೆ ನಿಂಗೆ ಇಷ್ಟು ಸಲೀಸಾ?"

ಆಕೆ ತಟ್ಟೆಯನ್ನು ಮತ್ತೆ ತಮ್ಮನತ್ತ ಸರಿಸಿದರು. ಡೀನೊ ಗೊಬ್ಬರ ಕಡಿಮೆ ಮಾಡಲು ಒಪ್ಪಲಿಲ್ಲ. ತಮ್ಮ ಲೆಕ್ಕವನ್ನು ಯಾರಿಗೂ ತೋರಿಸಕೂಡದೆಂದು ಅಕ್ಕನಿಂದ ಮತ್ತೊಮ್ಮೆ ಮಾತು ತೆಗೆದುಕೊಂಡರು.

ಅದೇ ತಿಂಗಳು, ನಮ್ಮ ಕೆಲಸಕ್ಕೆ ಅನುದಾನ ಕೊಡುತ್ತಿದ್ದ ಒಂದು ಕಚೇರಿ, ಮುಂದಿನ ಅವಧಿಗೆ ಪ್ರತಿ ಹೊಲದ ಅಂಕಿಗಳನ್ನು ಮಾಲೀಕರ ಹೆಸರಿನೊಡನೆ ಒಪ್ಪಿಸಬೇಕೆಂಬ ಷರತ್ತನ್ನು ಮುಂದಿಟ್ಟಿತು. ಕೇಳಿದವರ ದೃಷ್ಟಿಯಿಂದ ಅದು ಅನ್ಯಾಯದ ಬೇಡಿಕೆಯೂ ಅಲ್ಲ. ಲೊರೆಟ್ಟಾ ಅವರು ಒಂದೇ ಸಾಲಿನಲ್ಲಿ ನಿರಾಕರಿಸಿದರು. ಅನುದಾನ ನಿಂತಿತು, ನಮ್ಮ ಆರು ಮಂದಿಯಲ್ಲಿ ಮೂವರು ಬೇರೆ ಕೆಲಸ ಹುಡುಕಿಕೊಂಡರು. ಊರಿನಲ್ಲಿ ಮಾತು ಹೇಗೆ ಹುಟ್ಟುತ್ತದೋ ಹಾಗೆ ಹುಟ್ಟಿತು: ತಮ್ಮನನ್ನು ಕಾಪಾಡಲು ಅಕ್ಕ ಅಂಕಿಗಳನ್ನು ಬಚ್ಚಿಟ್ಟಿದ್ದಾಳೆ. ಮಾತು ಕೊಟ್ಟದ್ದಕ್ಕಾಗಿ ಬಾಯಿ ಮುಚ್ಚಿಕೊಂಡವರು ಸ್ವಾರ್ಥಕ್ಕಾಗಿ ಮುಚ್ಚಿಕೊಂಡವರಂತೆಯೇ ಕಾಣುತ್ತಾರೆಂಬುದನ್ನು ನಾನು ಆಗ ಕಂಡೆ.

ಬೆಳೆಗಾರರ ಸಭೆ ಸೇರಿತು. ಗೊದಮೊಟ್ಟೆಗಳನ್ನು ಕಿತ್ತುಹಾಕಬೇಕೋ ಇಟ್ಟುಕೊಳ್ಳಬೇಕೋ ಎಂಬುದೊಂದೇ ವಿಷಯ. ಲೊರೆಟ್ಟಾ ಅವರು ತೊರೆಯ ಒಟ್ಟು ಹೊರೆಯನ್ನು ಹೇಳಿ, ಅದರಲ್ಲಿ ದೊಡ್ಡ ಪಾಲು ಒಂದೇ ಕಡೆಯಿಂದ ಬರುತ್ತಿದೆಯೆಂದೂ ಮುಚ್ಚಿಡದೆ ತಿಳಿಸಿದರು. ಟೆಡ್ ಹ್ಯಾಲೊರನ್ ಎದ್ದು ನಿಂತರು.

"ಯಾರ ಕಾಲುವೆ ಅಂತ ಹೇಳಮ್ಮ. ಇಲ್ಲಿರೋರೆಲ್ಲ ಒಬ್ರ ಮುಖ ಒಬ್ರು ನೋಡ್ಕೋತಿದೀವಿ."

"ಹೇಳಲ್ಲ ಟೆಡ್."

"ನಿಮ್ಮನೇದು ಅಂತಾರಲ್ಲ?"

"ನಿನ್ನದಾಗಿದ್ರೂ ಹೇಳ್ತಿರ್ಲಿಲ್ಲ."

ಸಭೆಯಲ್ಲಿ ಯಾರೋ ನಕ್ಕರು, ಅದು ಒಳ್ಳೆಯ ನಗುವಾಗಿರಲಿಲ್ಲ. ಕಿತ್ತುಹಾಕುವವರು ಕೈ ಎತ್ತಿ ಎಂದು ಅಧ್ಯಕ್ಷರು ಹೇಳಿದರು. ಬಹಳ ಕೈಗಳು ಎದ್ದವು. ನಮ್ಮ ಇಷ್ಟು ವರ್ಷಗಳ ದುಡಿಮೆ ಅಲ್ಲಿಗೆ ಮುಗಿಯಿತೆಂದು ನಾನು ನೆಲ ನೋಡಿದೆ. ಆಕೆ ನೆಲ ನೋಡಲಿಲ್ಲ, ತಮ್ಮನನ್ನೂ ನೋಡಲಿಲ್ಲ. ಅಷ್ಟರಲ್ಲಿ ಹಿಂದಿನ ಬಾಗಿಲ ಬಳಿ ನಿಂತಿದ್ದ ಡೀನೊ ಮುಂದೆ ಬಂದರು.

"ಕೈ ಇಳ್ಸಿ. ಅದು ನಮ್ದೇ," ಎಂದರು. "ಅವಳು ನಂಗೆ ಹೇಳಿ ಮೂರು ತಿಂಗ್ಳಾಯ್ತು. ಹೇಳ್ಬೇಡ ಅಂದೆ, ಹೇಳ್ಲಿಲ್ಲ. ನೀವೆಲ್ಲ ಬೈದ್ರೂ ಹೇಳ್ಲಿಲ್ಲ. ಇನ್ನೇನು ಬೇಕು ನಿಮ್ಗೆ?"

ಎದ್ದಿದ್ದ ಕೈಗಳು ಒಂದೊಂದಾಗಿ ಇಳಿದವು. ಆಮೇಲೆ ಟೆಡ್, ಕುಳಿತಲ್ಲಿಂದಲೇ, "ನಂದೂ ಹಾಕಮ್ಮ ಪರದೆ ಮೇಲೆ, ನೋಡೇ ಬಿಡೋಣ," ಎಂದರು. ಅವರದು ಎರಡನೆಯ ಸ್ಥಾನದಲ್ಲಿತ್ತು. ಒಬ್ಬೊಬ್ಬರಾಗಿ ಉಳಿದವರೂ ಒಪ್ಪಿದರು. ಇಬ್ಬರು ಒಪ್ಪಲಿಲ್ಲ, ಅವರ ಅಂಕಿಗಳನ್ನು ಇವತ್ತಿಗೂ ಯಾರೂ ಕಂಡಿಲ್ಲ. ಅನುದಾನದ ಬದಲು ಬೆಳೆಗಾರರೇ ಚಂದಾ ಕಟ್ಟಿ ಸಂಸ್ಥೆಯನ್ನು ನಡೆಸುವ ಈಗಿನ ವ್ಯವಸ್ಥೆ ಹುಟ್ಟಿದ್ದು ಆ ದಿನ.

ಇದರಿಂದ ಎಲ್ಲವೂ ಸುಖಾಂತವಾಯಿತೆಂದು ಬರೆದರೆ ಲೊರೆಟ್ಟಾ ಅವರೇ ತಿದ್ದುತ್ತಾರೆ. ಡೀನೊ ಒಂದು ಇಡೀ ಕಟಾವಿನ ಕಾಲ ಅಕ್ಕನೊಡನೆ ಮಾತಾಡಲಿಲ್ಲ. ತಪ್ಪನ್ನು ಸಭೆಯಲ್ಲಿ ಒಪ್ಪಿಕೊಳ್ಳುವುದು ಬೇರೆ, ಅದನ್ನು ತೋರಿಸಿಕೊಟ್ಟವರನ್ನು ಕ್ಷಮಿಸುವುದು ಬೇರೆ. ಸಭೆಯ ನಂತರ ಯಂತ್ರದ ಸಲಹೆಯಂತೆ ಗೊಬ್ಬರ ಕಡಿಮೆ ಮಾಡಿದ ಮೊದಲ ವರ್ಷ ಅವರ ಇಳುವರಿ ಕುಗ್ಗಲಿಲ್ಲ, ಎರಡನೆಯ ವರ್ಷ ತುಸು ಕುಗ್ಗಿತು. ಯಂತ್ರದ ಸಲಹೆಯಲ್ಲೇ ತಪ್ಪಿತ್ತು: ತಗ್ಗಿನ ಜೌಗು ಹೊಲಗಳ ಉದಾಹರಣೆಗಳನ್ನು ನಾವು ಅದಕ್ಕೆ ಸಾಕಷ್ಟು ತೋರಿಸಿರಲಿಲ್ಲ. ಅದನ್ನು ಸರಿಪಡಿಸಲು ತಮ್ಮ ತಗ್ಗಿನ ಹೊಲವನ್ನೇ ಪ್ರಯೋಗಕ್ಕೆ ಬಿಟ್ಟುಕೊಡುವುದಾಗಿ ಹೇಳಲು ಡೀನೊ ನಮ್ಮ ಮಾಂಸದಂಗಡಿಯ ಕಚೇರಿಗೆ ಬಂದರು. ಅಕ್ಕತಮ್ಮಂದಿರು ಮಣ್ಣಿನ ಮಾತಿನಿಂದ ಶುರುಮಾಡಿ ಮನೆಯ ಮಾತಿಗೆ ಬಂದದ್ದನ್ನು ನಾನು ಶೀತಕೋಣೆಯೊಳಗೆ ನಿಂತು ಕೇಳಿಸಿಕೊಂಡೆ. ಹೊರಗೆ ಬರುವುದು ಸರಿಯಲ್ಲವೆನಿಸಿ ಚಳಿಯಲ್ಲಿ ನಡುಗುತ್ತಲೇ ಇದ್ದೆ.

ಈಗ ಮಲ್ಲೆಟ್ ತೊರೆ ಹೊತ್ತೊಯ್ಯುವ ಗೊಬ್ಬರ ಮೊದಲಿನ ಅರ್ಧಕ್ಕಿಂತ ಕಡಿಮೆ. ಒಂದು ತೊರೆ ತಿಳಿಯಾದ ಮಾತ್ರಕ್ಕೆ ಹವಳದ ದಿಬ್ಬ ಉಳಿದುಬಿಡುವುದಿಲ್ಲ. ಸಮುದ್ರ ಬಿಸಿಯಾಗುವುದನ್ನು ನಮ್ಮ ಗೊದಮೊಟ್ಟೆಗಳು ತಡೆಯಲಾರವು. ಇದನ್ನು ಪ್ರತಿ ಭಾಷಣದಲ್ಲೂ ಲೊರೆಟ್ಟಾ ಅವರು ತಾವಾಗಿ ಹೇಳುತ್ತಾರೆ. ಯಂತ್ರ ಮಾಡಿದ್ದು ಕಾಣದ್ದನ್ನು ಕಾಣಿಸಿದ್ದು; ಉದ್ಯಮ ಮಾಡಿದ್ದು ಆ ಕಣ್ಣನ್ನು ವರ್ಷವರ್ಷವೂ ತೆರೆದಿಟ್ಟದ್ದು; ಕಂಡದ್ದನ್ನು ಒಪ್ಪಿಕೊಳ್ಳುವ ಕೆಲಸ ಮಾತ್ರ ಮನುಷ್ಯರದೇ. ಮೂರನ್ನೂ ಒಂದೆಡೆ ತಂದದ್ದು ಲೊರೆಟ್ಟಾ ಅವರ ಸಾಧನೆಯೆಂದು ನಾನು ಭಾವಿಸಿದ್ದೇನೆ.

ನಿವೃತ್ತಿಯ ಮೇಲೆ ಏನು ಮಾಡುತ್ತೀರೆಂದು ಈ ಲೇಖನಕ್ಕಾಗಿ ಕೇಳಿದೆ. ದಕ್ಷಿಣದ ಕಣಿವೆಯ ಬಾಳೆ ಬೆಳೆಗಾರರು ಒಂದು ಸಲ ಬಂದು ಮಾತಾಡಿ ಎಂದಿದ್ದಾರಂತೆ. ಅವರು ಒಪ್ಪುತ್ತಾರೆಯೇ ಎಂದು ಕೇಳಿದೆ.

"ಎಲ್ಲಿ ಒಪ್ತಾರೆ? ಬಂದ್ರೆ ಚಹಾ ಕೊಡ್ತೀವಿ ಅಂದಿದಾರೆ, ಅಷ್ಟೇ," ಎಂದರು. "ಶುರು ಮಾಡೋಕೆ ಅಷ್ಟು ಸಾಕು."

ಆ ಕಣಿವೆಯ ದಾರಿ ಅವರಿಗೆ ಸುಗಮವಾಗಿರಲಿ, ಅಲ್ಲಿನ ಅಡುಗೆಮನೆಗಳಲ್ಲಿ ಕುಳಿತು ವಾದಿಸುವಷ್ಟು ಕಸುವು ಅವರ ದನಿಯಲ್ಲಿ ಇನ್ನೂ ಬಹುಕಾಲ ಉಳಿಯಲಿ, ಇನ್ನೂ ಅನೇಕ ಮಳೆಗಾಲಗಳನ್ನು ಅವರು ಆರೋಗ್ಯದಿಂದ ಕಾಣಲಿ ಎಂದು ಹಾರೈಸುತ್ತೇನೆ. ಮೊದಲ ಭೇಟಿ ಬರುವ ಸೋಮವಾರ; ಕಾರು ಓಡಿಸುವವನು ನಾನೇ.