ಬೀಗತಿ ಬಂದಾಳ

ರೋಣ, ನರಗುಂದ, ಗಜೇಂದ್ರಗಡ. ಈ ಮೂರು ಊರುಗಳಲ್ಲಿ ಒಂದು ನನ್ನ ತವರು, ಒಂದು ಗಂಡನ ಮನೆ, ಇನ್ನೊಂದು ನಮ್ಮ ಅಂಗಡಿಗೆ ಸೀರೆ ತರಲು ಹೋಗುವ ಊರು. ಯಾವುದು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತು ಎದ್ದು ಬಂದ ಮೇಲೆ ಊರಿನ ಹೆಸರು ಬರೆಯುವಾಗಲೂ ಕೈ ಸ್ವಲ್ಪ ತಡೆಯುತ್ತದೆ. ಕೂತದ್ದು ಕಳ್ಳತನಕ್ಕಲ್ಲ, ಹೊಡೆದಾಟಕ್ಕಲ್ಲ. ಓಣಿಯ ನಳಕ್ಕೆ ನೀರು ಬಂದದ್ದನ್ನು ತಿಳಿಸುವ ವಾಟ್ಸ್ಯಾಪ್ ಗುಂಪಿಗೆ ನಾನು ಅಡ್ಮಿನ್ ಆಗಿದ್ದೆ, ಅಷ್ಟೇ.

ನಮ್ಮಲ್ಲಿ ನಳದ ನೀರು ದಿನಾ ಬರುವುದಿಲ್ಲ. ಎಂದು ಬರುತ್ತದೆಂಬುದು ನೀರು ಬಿಡುವವನಿಗೆ ಮಾತ್ರ ಗೊತ್ತು. ಅವನಿಗೂ ಅದು ಗೊತ್ತಾಗುವುದು ಅಂದು ಬೆಳಗಾದ ಮೇಲೆಯೇ. ಅದಕ್ಕೆಂದೇ ನಮ್ಮ ಮನೆಯವರು ಗುಂಪು ಮಾಡಿದ್ದರು. ಯಾರ ಮನೆಯ ನಳ ಮೊದಲು ಗೊರಗೊರ ಅನ್ನುತ್ತದೋ ಅವರು "ನೀರ ಬಂದಾವ" ಅಂತ ಹಾಕಬೇಕು, ಉಳಿದವರು ಓಡಬೇಕು. ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದವಳು ಹಾಗೇ ಬಿಟ್ಟು ನಾನೂ ಎಷ್ಟೋ ಸಲ ಓಡಿದ್ದೇನೆ. ಗಿರಾಕಿ ನಮ್ಮ ಓಣಿಯವಳೇ ಆದರೆ ನನಗಿಂತ ಮುಂದೆ ಓಡುತ್ತಿದ್ದಳು.

ಗುಂಪಿನಲ್ಲಿ ಒಬ್ಬ ಹಿರಿಯರಿದ್ದರು. ದಿನಾ ಮುಂಜಾನೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಿದ್ದರು. ನೀರು ಬಂತೆಂದು ಫೋನು ಎತ್ತಿದರೆ ಗುಲಾಬಿ. ಅವರನ್ನು ಹೊರಗೆ ಹಾಕಲು ಹೋದ ನಮ್ಮ ಮನೆಯವರು ಏನೇನೋ ಒತ್ತಿ, ನನ್ನನ್ನು ಅಡ್ಮಿನ್ ಮಾಡಿ, ತಾವೇ ಹೊರಗೆ ಬಿದ್ದರು. ಹಿರಿಯರು ಒಳಗೇ ಉಳಿದರು. ಮನೆಯವರನ್ನು ತಿರುಗಿ ಸೇರಿಸುತ್ತೇನೆಂದರೆ, "ಬ್ಯಾಡ ಬಿಡು, ಈಗ ಆರಾಮ ಐತಿ" ಅಂದರು.

ಎದುರು ಮನೆಯ ಕಾಕು ನನಗೆ ಸಂಬಂಧದಿಂದ ಚಿಕ್ಕಮ್ಮ ಅಲ್ಲ, ಓಣಿಗೆಲ್ಲ ಕಾಕು. ಜಕ್ಕಲಿಯಲ್ಲಿ ಹೊಲವಿದೆ. ತಾವೇ ಬಸ್ಸಿನಲ್ಲಿ ಹೋಗಿ, ನಿಂತು ಕಡಲೆ ಕೀಳಿಸಿ, ಸಂಜೆ ಬಸ್ಸಿಗೆ ತಿರುಗಿ ಬರುತ್ತಾರೆ. ಆ ವರ್ಷ ಮಳೆಗಾಲದಲ್ಲಿ ನಳಕ್ಕೆ ಕೆಂಪು ನೀರು ಬರತೊಡಗಿತು. ಕಾಕು ಕಟ್ಟೆಯ ಮೇಲೆ ಎರಡು ಗಾಜಿನ ಗ್ಲಾಸು ಇಟ್ಟರು. ಒಂದರಲ್ಲಿ ಚಹಾ, ಒಂದರಲ್ಲಿ ನಳದ ನೀರು. ಫೋಟೋ ತೆಗೆದು ಗುಂಪಿಗೆ ಹಾಕಿ ಕೆಳಗೆ ಬರೆದರು: "ಇದರಾಗ ಚಹಾ ಯಾವುದು ಹೇಳ್ರಿ. ಸರಿ ಹೇಳಿದವರಿಗೆ ನಳದ್ದು ಕುಡಿಸ್ತೀನಿ. ತಪ್ಪ ಹೇಳಿದವರಿಗೂ ನಳದ್ದು."

ಓಣಿಯೆಲ್ಲ ನಕ್ಕಿತು. ಎಡಗಡೇದು ಚಹಾ ಎಂದು ಕೆಲವರು, ಬಲಗಡೇದು ಎಂದು ಕೆಲವರು. ಯಾರೋ ಅದನ್ನು ಹೊರಗಿನ ಗುಂಪಿಗೆ ದಾಟಿಸಿದರು. ಎರಡು ದಿನ ಬಿಟ್ಟು ಹೊಳೆಆಲೂರಿನ ನನ್ನ ನಾದಿನಿ ಅದೇ ಚಿತ್ರವನ್ನು ನನಗೇ ಕಳಿಸಿ, "ನೋಡ್ರಿ ವೈನಿ, ಎಂಥೆಂಥಾ ಊರ ಇರ್ತಾವ" ಎಂದು ಮರುಗಿದಳು. ಅದು ನಮ್ಮ ಮನೆಯ ಎದುರಿನ ಕಟ್ಟೆ ಎಂದು ನಾನು ಹೇಳಲಿಲ್ಲ.

ಅದಾದ ಮೇಲೆ ಒಂದು ಮುಂಜಾನೆ ಹವಾಲ್ದಾರರು ಅಂಗಡಿಗೆ ಬಂದರು. ಅವರೂ ನಮ್ಮ ಓಣಿಯವರೇ. ಯಾವಾಗಲೂ ಒಳಗೆ ಬಂದು ಗಾದಿಯ ಮೇಲೆ ಕೂಡುವವರು ಅವತ್ತು ಹೊರಗೇ ನಿಂತರು.

"ಅಕ್ಕಾರ, ಸಾಹೇಬ್ರು ಕರದಾರ್ರಿ. ಫೋನ್ ತರಬೇಕಂತ."

"ಯಾಕ್ರಿ?"

"ಆ ಚಹಾದ ಫೋಟೋ. ಅದು ಅಪಪ್ರಚಾರ ಅಂತ ನೀರಿನ ಕಚೇರಿಯಿಂದ ಫೋನ್ ಬಂದೈತಿ. ಗುಂಪಿನಾಗ ಯಾರ ಏನ ಹಾಕಿದ್ರೂ ಅಡ್ಮಿನ್ ಜವಾಬ್ದಾರಿ ಅಂತ್ರಿ."

"ನೀವೂ ಅದೇ ಗುಂಪಿನಾಗ ಅದೀರಲ್ಲ. ಎಡಗಡೇದು ಚಹಾ ಅಂತ ನೀವ ಹೇಳಿದ್ರಿ."

ಅವರು ಆಚೀಚೆ ನೋಡಿ ದನಿ ಇಳಿಸಿದರು. "ಅದನ್ನ ಅಳಿಸೀನ್ರಿ. ಮನಿಯಾಗ ನೀರ ಬೇಕಲ್ರಿ, ಅದಕ್ಕ ಗುಂಪಿನಾಗ ಅದೀನಿ."

ಠಾಣೆಯಲ್ಲಿ ಸಾಹೇಬರು, ಅಂದರೆ ಸಬ್ ಇನ್ಸ್‌ಪೆಕ್ಟರು, ವಯಸ್ಸಿನಲ್ಲಿ ನನಗಿಂತ ಸಣ್ಣವರು. ಸಭ್ಯವಾಗಿಯೇ ಮಾತಾಡಿದರು. ನಾನು ಬೆಂಚಿನ ತುದಿಗೆ ಕೂತೆ. ನಮ್ಮ ಮನೆತನದಲ್ಲಿ ಠಾಣೆ ಹತ್ತಿದವರಿಲ್ಲ ಎಂದು ಅತ್ತೆ ಬೆಳಿಗ್ಗೆಯೇ ಕಣ್ಣೀರು ಹಾಕಿದ್ದರು. ನನ್ನ ಫೋನನ್ನು ಟೇಬಲ್ಲಿನ ಮೇಲಿಡಿಸಿಕೊಂಡು ಸಾಹೇಬರು, "ಸಾಮಾಜಿಕ ಜಾಲತಾಣದಾಗ ಸರ್ಕಾರದ ವಿರುದ್ಧ..." ಎಂದು ಶುರು ಮಾಡಿದರು. ಅಷ್ಟರಲ್ಲಿ ಫೋನು ಟಣ್ ಅಂತು. ಮತ್ತೆ ಟಣ್. ಆಮೇಲೆ ಟಣ್ ಟಣ್ ಎಂದು ನಿಲ್ಲದೆ ಬಡಿಯತೊಡಗಿತು. ನೀರು ಬಂದಿತ್ತು.

ಅದೇ ಹೊತ್ತಿಗೆ, ಅದೇ ತಾಳದಲ್ಲಿ, ಬಾಗಿಲ ಹತ್ತಿರ ನಿಂತಿದ್ದ ಹವಾಲ್ದಾರರ ಕಿಸೆಯೂ ಬಡಿಯುತ್ತಿತ್ತು. ಸಾಹೇಬರು ನನ್ನ ಫೋನು ನೋಡಿದರು, ಅವರ ಕಿಸೆ ನೋಡಿದರು.

"ನಿಂದೂ ಯಾಕ ಬಡ್ಯಾಕತ್ತೈತಿ?"

"ಅದು ಬ್ಯಾರೇರಿ, ಸರ್," ಅಂದರು ಹವಾಲ್ದಾರರು. ಕಿಸೆಯನ್ನು ಕೈಯಿಂದ ಒತ್ತಿ ಹಿಡಿದಿದ್ದರು. ಅವರ ಹೆಂಡತಿ ತವರಿಗೆ ಹೋಗಿದ್ದಳು, ಮನೆಯಲ್ಲಿ ನೀರು ತುಂಬುವವರು ಯಾರೂ ಇಲ್ಲವೆಂದು ನನಗೆ ಗೊತ್ತಿತ್ತು. ನನ್ನ ಮನೆಯದೂ ಅದೇ ಗತಿ. ನಮ್ಮ ಮನೆಯವರು ಅಂಗಡಿಯಲ್ಲಿ, ಅತ್ತೆಗೆ ಸೊಂಟ ನೋವು. ಸರ್ಕಾರದ ವಿಷಯದ ನಡುವೆ ನಾವಿಬ್ಬರೂ ಮನಸ್ಸಿನಲ್ಲಿ ಖಾಲಿ ಬ್ಯಾರೆಲ್ಲುಗಳನ್ನೇ ನೋಡುತ್ತಿದ್ದೆವು.

"ಫೋನ್ ಲಾಕ್ ತಗೀರಿ. ಏನೇನೈತಿ ನೋಡಬೇಕು," ಅಂದರು ಸಾಹೇಬರು.

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ನನ್ನ ಫೋನಿನಲ್ಲಿ ದೇಶದ ಗುಟ್ಟು ಏನೂ ಇಲ್ಲ. ಆದರೆ ತಂಗಿಯ ಜೊತೆ ಅತ್ತೆಯ ಬಗ್ಗೆ ಆಡಿದ ಮಾತಿದೆ, ನಾದಿನಿಯ ಜೊತೆ ತಂಗಿಯ ಬಗ್ಗೆ ಆಡಿದ್ದಿದೆ. ಮತ್ತೆ, ನಾವು ಅಂಗಡಿಯಲ್ಲಿ ಸೀರೆಯ ಜೊತೆ ಜಂಪರ್ ಹೊಲಿಸಿಯೂ ಕೊಡುತ್ತೇವೆ.

"ಸಾಹೇಬ್ರ, ಅದರಾಗ ಊರಿನ ಅರ್ಧ ಹೆಣ್ಣಮಕ್ಕಳ ಜಂಪರ್ ಅಳತಿ ಅದಾವ್ರಿ," ಅಂದೆ. ಅವರು ಫೋನಿನ ಮೇಲಿಂದ ಕೈ ತೆಗೆಯದಿದ್ದಾಗ, "ನಿಮ್ಮ ಮನಿಯವರದೂ ಐತ್ರಿ," ಎಂದು ಸೇರಿಸಿದೆ.

ಸಾಹೇಬರು ಫೋನನ್ನು ಒಂದು ಬೆರಳಿನಿಂದ ನನ್ನ ಕಡೆಗೆ ಸರಿಸಿದರು. ಆಮೇಲೆ ಟೈಪು ಮಾಡಿದ ಒಂದು ಮುಚ್ಚಳಿಕೆ ಮುಂದಿಟ್ಟರು. ಇನ್ನು ಮೇಲೆ ಗುಂಪಿನಲ್ಲಿ ಸರ್ಕಾರ, ಕಚೇರಿ, ಅಧಿಕಾರಿಗಳ ಬಗ್ಗೆ ಯಾವ ದೂರೂ ಬರುವುದಿಲ್ಲ, ಬಂದರೆ ನಾನೇ ಹೊಣೆ, ಗುಂಪಿನವರೆಲ್ಲರ ಹೆಸರು ನಂಬರು ಠಾಣೆಗೆ ಕೊಡುತ್ತೇನೆ ಎಂದು ಅದರಲ್ಲಿತ್ತು. ಮನೆಯಲ್ಲಿ ಕೇಳಿ ಬರುತ್ತೇನೆಂದು ಅದರ ಫೋಟೋ ತೆಗೆದುಕೊಂಡು ಎದ್ದೆ. ನಾನು ಓಣಿ ಮುಟ್ಟುವ ಹೊತ್ತಿಗೆ ನೀರು ನಿಂತಿತ್ತು.

ಸುದ್ದಿ ನನಗಿಂತ ಮೊದಲೇ ಓಣಿ ತಲುಪಿತ್ತು. ಸಂಜೆಯೊಳಗೆ ಒಬ್ಬೊಬ್ಬರಾಗಿ ಗುಂಪು ಬಿಟ್ಟರು. ಗುಲಾಬಿಯ ಹಿರಿಯರೂ ಬಿಟ್ಟರು. ನಮ್ಮ ಮನೆಯವರಿಂದ ಆಗದ ಕೆಲಸ ಠಾಣೆಯಿಂದ ಆಯಿತು. ಉಳಿದವರು ಬರೆಯಲು ಹೆದರಿದರು. ತವರಿನಿಂದ ತಿರುಗಿ ಬಂದ ಹವಾಲ್ದಾರರ ಹೆಂಡತಿಯೇ ಉಪಾಯ ಹೇಳಿದಳು. ನೀರು ಅನ್ನುವುದೇ ಬೇಡ, ಬೀಗತಿ ಅನ್ನೋಣ. ಬೀಗತಿ ಬಂದಾಳ ಅಂದರೆ ನೀರು ಬಂತು. ಸಣ್ಣ ಆಗ್ಯಾಳ ಅಂದರೆ ನಳ ಸಣ್ಣಗೆ ಬರುತ್ತಿದೆ. ಕೆಂಪ ಸೀರಿ ಉಟ್ಟಾಳ ಅಂದರೆ ಬಣ್ಣದ ನೀರು.

"ನಾವೇನು ಕಳ್ಳ ದಂಧೆ ಮಾಡ್ತೀವೇನು, ನೀರಿಗೆ ಅಡ್ಡಹೆಸರಿಡಾಕ?" ಎಂದು ಕಾಕು ಬೈದರು. ಬೈದರೂ ಮರುವಾರ ಮೊದಲು ಬರೆದವರು ಅವರೇ: "ಬೀಗತಿ ಬಂದಾಳ. ರಾಡಿಯಾಗ ಹೊರಳ್ಯಾಡಿ ಬಂದಾಳ."

ಹೀಗೆ ನಡೆದಿತ್ತು. ಒಂದು ಮಧ್ಯಾಹ್ನ ಮೂಲೆ ಮನೆಯ ನಿವೃತ್ತ ಮಾಸ್ತರರ ಹೆಂಡತಿಯಿಂದ ಸಂದೇಶ ಬಂತು, "ಬೀಗತಿ ಬಂದಾಳ, ಲಗೂ ಬರ್ರಿ." ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಹೊರಗೆ ಬಂದೆವು. ಯಾರ ನಳದಲ್ಲೂ ಹನಿ ನೀರಿಲ್ಲ. ಮೂಲೆ ಮನೆಯ ಮುಂದೆ ಆಟೋ ನಿಂತಿತ್ತು. ಅದರಿಂದ ಯಾವಗಲ್ಲಿನ ಅವರ ಖರೇ ಖರೇ ಬೀಗತಿ, ಸೊಸೆಯ ತಾಯಿ, ಇಳಿಯುತ್ತಿದ್ದಳು. ಪೇಟೆಗೆ ಹೋಗಿದ್ದ ಗಂಡನಿಗೆ ಕಳಿಸಬೇಕಾದದ್ದನ್ನು ಮಾಸ್ತರರ ಹೆಂಡತಿ ಗುಂಪಿಗೆ ಕಳಿಸಿಬಿಟ್ಟಿದ್ದಳು.

ಓಣಿಯ ಎರಡೂ ಬದಿಗೆ ಕೊಡ ಹಿಡಿದು ಸಾಲಾಗಿ ನಿಂತ ನಮ್ಮನ್ನು ಕಂಡು ಆ ತಾಯಿ ಅಲ್ಲೇ ನಿಂತಳು. ಕಣ್ಣು ತುಂಬಿ ಬಂತು. "ನನ್ನ ಸಲುವಾಗಿ ಇಷ್ಟ ಮಂದಿ ಕುಂಭ ಹಿಡ್ಕೊಂಡು ನಿಂತೀರಲ್ಲ, ನಾ ಎಷ್ಟರಾಕಿ," ಅಂದಳು. ಖಾಲಿ ಕೊಡದಿಂದ ಯಾರನ್ನೂ ಬರಮಾಡಿಕೊಳ್ಳುವ ಪದ್ಧತಿ ಇಲ್ಲ. ಹವಾಲ್ದಾರರ ಹೆಂಡತಿ ಸೆರಗಿನಿಂದ ಕೊಡದ ಬಾಯಿ ಮುಚ್ಚಿದಳು. ಅದನ್ನು ನೋಡಿ ನಾವೂ ಎಲ್ಲರೂ ಮುಚ್ಚಿದೆವು. ಬೀಗತಿ ಒಬ್ಬೊಬ್ಬರಿಗೂ ಕೈಮುಗಿಯುತ್ತ ಒಳಗೆ ಹೋದಳು. ಆ ಓಣಿಯಂಥ ಮಂದಿ ಎಲ್ಲೂ ಇಲ್ಲವೆಂದು ಅವಳು ಇಂದಿಗೂ ಯಾವಗಲ್ಲಿನಲ್ಲಿ ಹೇಳುತ್ತಾಳಂತೆ.

ನಗು ಬಂತು, ನಕ್ಕೆವು. ಆದರೆ ಅವತ್ತು ಕೊಡ ಒಳಗಿಟ್ಟು ಕೂತಾಗ ನನಗೆ ನಾಚಿಕೆಯೂ ಆಯಿತು. ನಳದ ನೀರು ಕುಡಿಯುವವರು ನೀರಿನ ಹೆಸರು ಹೇಳಲು ಹೆದರುತ್ತಿದ್ದೇವೆ. ಮುಚ್ಚಳಿಕೆಗೆ ಇನ್ನೂ ಸಹಿ ಹಾಕಿರಲಿಲ್ಲ. ಮರುದಿನವೇ ಬಸ್ಸು ಹತ್ತಿ ತವರಿಗೆ ಹೋದೆ. ಅಣ್ಣ ಅಲ್ಲಿ ವಕೀಲ.

ಅಣ್ಣ ಮುಚ್ಚಳಿಕೆಯ ಫೋಟೋ ದೊಡ್ಡದು ಮಾಡಿ ಮಾಡಿ ಓದಿದ. ಮೊದಲು ನಕ್ಕ, ಆಮೇಲೆ ನಗಲಿಲ್ಲ.

"ಯಾವ ಕಲಮಿನ ಮ್ಯಾಲ ಕರದಾರ? ಅದು ಇದರಾಗ ಇಲ್ಲ. ಬ್ಯಾರೇದವರು ಬರದದ್ದಕ್ಕ ಅಡ್ಮಿನ್ ಅಪರಾಧಿ ಆಗೂದಿಲ್ಲ ಅಂತ ಕೋರ್ಟಿನಾಗ ತೀರ್ಪು ಆಗೈತಿ. ಫೋನ್ ಬೇಕಂದ್ರ ಬರವಣಿಗಿಯೊಳಗ ಕೇಳಬೇಕು. ತಗೊಂಡ್ರ ರಸೀದಿ ಕೊಡಬೇಕು."

"ನೀನ ಬಾ, ಅಣ್ಣಾ."

"ನಾ ಬಂದ್ರ ಅದು ಕೇಸ್ ಆಗತೈತಿ. ನೀ ಹೋಗಿ ನೋಟಿಸ್ ಕೊಡ್ರಿ ಅಂತ ಕೇಳು. ದನಿ ಎತ್ತಬ್ಯಾಡ. ಕೇಳೂದು ಗುನ್ನೆ ಅಲ್ಲ."

ಬಸ್ಸಿನಲ್ಲಿ ತಿರುಗಿ ಬರುವಾಗ ಆ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಪಕ್ಕದಲ್ಲಿ ಕೂತಾಕೆ ನಾನು ಯಾವುದೋ ಸ್ತೋತ್ರ ಹೇಳುತ್ತಿದ್ದೇನೆಂದು ತಿಳಿದು ಸರಿದು ಕೂತಳು.

ಠಾಣೆಗೆ ಹೊರಟಾಗ ಕಾಕು ಚಪ್ಪಲಿ ಮೆಟ್ಟಿ ನನ್ನ ಮುಂದೆಯೇ ನಡೆದರು. ಫೋಟೋ ತೆಗೆದದ್ದು ತಾವು, ಬೆಂಚಿನ ಮೇಲೆ ಕೂಡುವುದು ನಾನೊಬ್ಬಳೇ ಅಂದರೆ ಹೇಗೆ ಎಂಬುದು ಅವರ ವಾದ. ಸಾಹೇಬರು ನಮ್ಮನ್ನು ಕೂಡಿಸಿ, ತಮ್ಮ ಫೋನಿನಲ್ಲಿ ಏನನ್ನೋ ತೆಗೆದರು. ಮುಖ ಗಂಭೀರವಾಗಿತ್ತು.

"ಈ ಬೀಗತಿ ಯಾರ್ರಿ?"

ನಾನು ಹವಾಲ್ದಾರರ ಕಡೆ ನೋಡಿದೆ. ಅವರು ಗೋಡೆಯ ಮೇಲಿನ ನಕಾಶೆ ನೋಡುತ್ತಿದ್ದರು.

"ಯಾವಾಗರ ಒಮ್ಮೆ ಬರ್ತಾಳ, ಒಂದೀಟ ಹೊತ್ತ ಇದ್ದು ಹೋಗ್ತಾಳ. ಒಮ್ಮೆ ಕೆಂಪ ಸೀರಿ, ಒಮ್ಮೆ ರಾಡಿ. ಆಕಿ ಬಂದ್ರ ಓಣಿ ಮಂದಿ ಎಲ್ಲಾ ಓಡ್ಯಾಡ್ತೀರಿ. ಯಾರಾಕಿ, ಎಲ್ಲಿಂದ ಬರ್ತಾಳ?"

"ಹೊಳಿಯಿಂದ ಬರ್ತಾಳ, ಸಾಹೇಬ್ರ," ಅಂದರು ಕಾಕು. "ನಿಮ್ಮ ಕ್ವಾರ್ಟರ್ಸಿಗೂ ಬರ್ತಾಳ. ಗ್ಲಾಸಿನಾಗ ಹಿಡದು ನೋಡ್ರಿ."

ಸಾಹೇಬರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕುರ್ಚಿ ತಿರುಗಿಸಿ ಕಿಟಕಿಯ ಹೊರಗೆ ನೋಡಿದರು. ಅವರ ಹೆಗಲು ಅಲುಗಾಡುತ್ತಿತ್ತು. ಇತ್ತ ತಿರುಗಿದಾಗ ಮುಖ ಮತ್ತೆ ಗಟ್ಟಿಯಾಗಿತ್ತು.

ನಾನು ಬಾಯಿಪಾಠ ಮಾಡಿದ್ದನ್ನು ಹೇಳಿದೆ. ನಡುವೆ ಒಮ್ಮೆ ಮರೆತು ಮೊದಲಿನಿಂದ ಶುರು ಮಾಡಿದೆ. ದೂರು ಏನಿದೆ, ಯಾವ ಕಲಮು, ಬರವಣಿಗೆಯಲ್ಲಿ ಕೊಡಿ, ಓದಿ ಉತ್ತರ ಕೊಡುತ್ತೇನೆ, ಮುಚ್ಚಳಿಕೆಗೆ ಮಾತ್ರ ಸಹಿ ಮಾಡುವುದಿಲ್ಲ.

"ಬರದು ಕೊಡ್ರಿ ಅಂತ ನಾನೂ ಆ ಕಚೇರಿಯವರಿಗೆ ಕೇಳೀನ್ರಿ," ಅಂದರು ಸಾಹೇಬರು. "ಕೊಡವಲ್ರು. ಫೋಟೋ ಸುಳ್ಳು ಅಂತ ಬರಿಬೇಕಂದ್ರ, ನೀರು ಸ್ವಚ್ಛ ಅದಾವು ಅಂತ ಅವರೇ ಸಹಿ ಮಾಡಬೇಕಾಗತೈತಿ."

ಮುಚ್ಚಳಿಕೆಯನ್ನು ಡ್ರಾಯರಿಗೆ ಹಾಕಿದರು. "ಹೋಗ್ರಿ. ಆದ್ರ ಸ್ವಲ್ಪ ನೋಡ್ಕೊಂಡು ಬರೀರಿ."

"ನೋಡೇ ಬರದೇವ್ರಿ," ಅಂದರು ಕಾಕು. "ನೋಡಾಕ ಆಗವಲ್ದು ಅಂತನ ಬರದೇವಿ."

ಅಲ್ಲಿಗೆ ಮುಗಿಯಿತು. ಹವಾಲ್ದಾರರು ಮತ್ತೆ ಅಂಗಡಿಯ ಗಾದಿಯ ಮೇಲೆ ಕೂಡುತ್ತಾರೆ. ಮಳೆ ನಿಂತ ಮೇಲೆ ನೀರೂ ತಿಳಿಯಾಯಿತು. ಆದರೆ ಗುಂಪು ಮೊದಲಿನಂತೆ ಆಗಲಿಲ್ಲ. ಬೀಗತಿಯ ಮಾತುಗಳನ್ನು ಠಾಣೆಗೆ ಮುಟ್ಟಿಸಿದವರು ಗುಂಪಿನ ಒಳಗಿನವರೇ. ಯಾರೆಂದು ಇಂದಿಗೂ ಗೊತ್ತಿಲ್ಲ. ನೀರು ಹಿಡಿಯಲು ನಿಂತಾಗ ಒಬ್ಬರು ಇನ್ನೊಬ್ಬರ ಮುಖ ನೋಡಿ ಲೆಕ್ಕ ಹಾಕುತ್ತೇವೆ. ನಾನೂ ಏನಾದರೂ ಬರೆದರೆ ಸಾಹೇಬರ ಕಣ್ಣಿನಿಂದ ಒಮ್ಮೆ ಓದಿ, ಒಂದು ಶಬ್ದ ಅಳಿಸಿ, ಆಮೇಲೆ ಕಳಿಸುತ್ತೇನೆ.

ಚಳಿಗಾಲದಲ್ಲಿ ಒಂದು ದಿನ ಕಾಕು ಅಂಗಡಿಗೆ ಬಂದು ಫೋನು ಮುಂದೆ ಹಿಡಿದರು. ಹಾಡಹಗಲಿನಲ್ಲಿ ನಮ್ಮ ಓಣಿಯ ಕಂಬದ ದೀಪ ಹತ್ತಿಕೊಂಡಿದ್ದ ಚಿತ್ರ.

"ಇದನ್ನ ಹಾಕಲೇನವಾ?" ಅಂದರು.

ಕಾಕು ಯಾರನ್ನಾದರೂ ಹೀಗೆ ಕೇಳಿದ್ದು ನಾನು ಕಂಡಿರಲಿಲ್ಲ. ಠಾಣೆಯ ಬೆಂಚಿನ ಮೇಲೆ ಆಗದಷ್ಟು ಸಂಕಟ ಆ ಒಂದು ಮಾತಿಗೆ ಆಯಿತು.

"ಹಾಕ್ರಿ, ಕಾಕು. ನನ್ನ ಕೇಳಬ್ಯಾಡ್ರಿ," ಅಂದೆ.

ಅಲ್ಲೇ ಕೂತು ಹಾಕಿದರು. ಯಾರೂ ಕರೆಯಲಿಲ್ಲ. ಕೆಲವು ದಿನಕ್ಕೆ ಪುರಸಭೆಯವರು ಏಣಿ ತಂದು ದೀಪ ರಿಪೇರಿ ಮಾಡಿ ಹೋದರು. ಅವತ್ತಿನಿಂದ ಅದು ರಾತ್ರಿಯೂ ಹತ್ತುವುದಿಲ್ಲ. ಅದರ ಚಿತ್ರವನ್ನು ನಾನೇ ತೆಗೆದು ಗುಂಪಿಗೆ ಹಾಕಿದ್ದೇನೆ. ಚಿತ್ರದಲ್ಲಿ ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲವಾದ್ದರಿಂದ, ಏನಿದು ಎಂದು ಕೆಳಗೆ ಮೂರು ಸಾಲು ಬರೆಯಬೇಕಾಯಿತು. ಒಂದು ಶಬ್ದವನ್ನೂ ಅಳಿಸಲಿಲ್ಲ.