ಮಳೆ ಅಳೆಯುವ ಮನ್ಮಥಪ್ಪ

ನಾರಾಯಣಖೇಡದ ಕಚೇರಿ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ನೆಟ್ಟ ದಿನದಿಂದ ಮನ್ಮಥಪ್ಪನಿಗೆ ಸಮಾಧಾನದಿಂದ ಒಂದು ಕಪ್ ಚಹಾ ಕುಡಿಯಲು ಆಗಲಿಲ್ಲ. ಅದಕ್ಕೆ ಮೊದಲು ಅವನು ಮೂಲೆಯಲ್ಲಿ ಕುಳಿತು ಕಾಗದಪತ್ರಗಳ ನಕಲು ಬರೆಯುವ ಗುಮಾಸ್ತ. ಸಿರ್ಗಾಪುರದವನು. ಬೀದರಿನಲ್ಲಿ ಉರ್ದು ಶಾಲೆಗೆ ಹೋಗಿ ಏಳನೆಯ ಜಮಾತಿನವರೆಗೆ ಓದಿದ್ದ. ಅಕ್ಷರ ದುಂಡಗಿದ್ದವು, ಮಾತು ಕಡಿಮೆ. ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಅದೇ ಅವನಿಗೆ ಹಿತವಾಗಿತ್ತು.

ಫಸಲಿ ೧೩೪೮ರ, ಅಂದರೆ ಇಸವಿ ೧೯೩೯ರ ಬೇಸಿಗೆಯಲ್ಲಿ ಕಚೇರಿಯ ಮೇಲಧಿಕಾರಿ ಪೇಶಕಾರ ಸಾಹೇಬರು ಅವನನ್ನು ಮೂರು ದಿನದ ತರಬೇತಿಗೆಂದು ಹೈದರಾಬಾದಿಗೆ ಕಳಿಸಿದರು. ಬರುವಾಗ ಅವನ ಜೊತೆ ಒಂದು ತಾಮ್ರದ ಡಬ್ಬಿ, ಅದರ ಬಾಯಿಗೆ ಕೂಡುವ ಲಾಳಿಕೆ, ಒಳಗಿಡುವ ಬಾಟಲಿ, ಗೆರೆ ಎಳೆದ ಗಾಜಿನ ಅಳತೆಪಾತ್ರೆ ಬಂದವು. ಅಂಗಳದ ನಡುವೆ ಗಿಲಾವು ಮಾಡಿದ ಸಣ್ಣ ಕಟ್ಟೆ ಕಟ್ಟಿ ಡಬ್ಬಿಯನ್ನು ಅದರಲ್ಲಿ ಅರ್ಧ ಹುಗಿದರು. ದಿನಾ ಮುಂಜಾನೆ ಎಂಟಕ್ಕೆ ಬಾಟಲಿಯ ನೀರನ್ನು ಗಾಜಿಗೆ ಸುರಿದು, ಎಷ್ಟು ಇಂಚು ಎಂದು ನೋಡಿ, ರಿಜಿಸ್ಟರಿನಲ್ಲಿ ಬರೆದು, ವಾರಕ್ಕೊಮ್ಮೆ ಟಪಾಲಿನಲ್ಲಿ ಹೈದರಾಬಾದಿಗೆ ಕಳಿಸಬೇಕು. ಕೆಲಸ ಇಷ್ಟೇ.

ಆದರೆ ಊರು ಇಷ್ಟಕ್ಕೇ ಬಿಡಲಿಲ್ಲ. ಮಳೆ ಅಳೆಯುವವನಿಗೆ ಮಳೆ ಯಾವಾಗ ಬರುತ್ತದೆ ಎಂದು ಗೊತ್ತಿರಲೇಬೇಕಲ್ಲ. ಕಚೇರಿಗೆ ಬಂದವರೆಲ್ಲ ಮೊದಲು ಅವನ ಮುಂದೆ ನಿಂತು ಅದನ್ನೇ ಕೇಳತೊಡಗಿದರು. ಬಿದ್ದದ್ದನ್ನು ಮಾತ್ರ ಅಳೆಯುತ್ತೇನೆ, ಬೀಳುವುದು ನನಗೆ ಗೊತ್ತಿಲ್ಲ ಎಂದು ಅವನು ಹೇಳುತ್ತಿದ್ದ. ಬಿದ್ದದ್ದು ನಮಗೂ ಗೊತ್ತು, ಹೊಲದಲ್ಲಿ ನಿಂತಿದ್ದೆವು, ಅದಕ್ಕೆ ಸರ್ಕಾರ ನಿನಗೆ ಪಗಾರ ಯಾಕೆ ಕೊಡುತ್ತದೆ ಎಂದು ಅವರು ಕೇಳುತ್ತಿದ್ದರು. ಹೈದರಾಬಾದಿಗೆ ಹೋಗಿ ಕಲಿತು ಬಂದವನೆಂದು ಹೆಸರಾದ ಮೇಲೆ ಪ್ರಶ್ನೆಗಳು ಮಳೆಯನ್ನೂ ದಾಟಿದವು. ಚಂದ್ರ ಎಷ್ಟು ಹರದಾರಿ ದೂರ? ಭೂಮಿ ತಿರುಗುವುದು ನಿಜವಾದರೆ ಬಾವಿಯ ನೀರು ಯಾಕೆ ಚೆಲ್ಲುವುದಿಲ್ಲ? ಹುಡುಗರಿಗೆ ಸೊನ್ನೆ ಕಲಿಸುತ್ತಾರಂತೆ, ಏನೂ ಇಲ್ಲದ್ದನ್ನು ಕಲಿಯಲು ಶಾಲೆಗೆ ಯಾಕೆ ಕಳಿಸಬೇಕು? ಬಾವಿಯ ಪ್ರಶ್ನೆಗೆ ಉತ್ತರ ಅವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಓದಿದವನಿಗೆ ಸೊಕ್ಕು, ಹೇಳುವುದಿಲ್ಲ ಎಂದುಕೊಂಡು ಹೋಗುತ್ತಿದ್ದರು.

ಅವನಿಗೆ ಹೆಚ್ಚು ಕಾಟ ಕೊಟ್ಟವನು ಈಶಪ್ಪ. ಬಜಾರಿನಲ್ಲಿ ಧಾನ್ಯದ ಅಂಗಡಿ ಇಟ್ಟವನು, ಲೆಕ್ಕದಲ್ಲಿ ಗಟ್ಟಿ. ಡಬ್ಬಿಯ ಬಾಯಿ ಒಂದು ಗೇಣಿಲ್ಲ, ತನ್ನ ಹೊಲ ಐದು ಎಕರೆ ಇದೆ, ಡಬ್ಬಿಯಲ್ಲಿ ಒಂದು ಇಂಚು ಬಿದ್ದರೆ ಹೊಲದಲ್ಲಿ ಎಷ್ಟು ಇಂಚು ಎಂದು ಅವನು ಕೇಳಿದ. ಅಲ್ಲಿಯೂ ಒಂದೇ ಇಂಚು ಎಂದರೆ ನಂಬಲಿಲ್ಲ. ಮನ್ಮಥಪ್ಪ ಇದನ್ನು ತೋರಿಸಿಯೇ ಬಿಡುತ್ತೇನೆಂದು ಹಟ ತೊಟ್ಟ. ಒಂದು ಮಧ್ಯಾಹ್ನ ಮೋಡ ಕಟ್ಟಿದಾಗ ಈಶಪ್ಪನ ಅಂಗಡಿಯ ಸೇರು, ಪಾವು ಎರಡನ್ನೂ ತರಿಸಿ ಅಂಗಳದಲ್ಲಿ ಪಕ್ಕಪಕ್ಕ ಇಟ್ಟ. ಎರಡೂ ನೆಟ್ಟಗಿನ ಗೋಡೆಯ ಹಿತ್ತಾಳೆಯವು. ಮಳೆ ನಿಂತ ಮೇಲೆ ಜೋಳದ ದಂಟು ಅದ್ದಿ ತೋರಿಸಿದ. ಸೇರಿನಲ್ಲಿ ಅರ್ಧ ಬೆರಳು, ಪಾವಿನಲ್ಲೂ ಅರ್ಧ ಬೆರಳು. ಹತ್ತು ಹದಿನೈದು ಜನ ಸೇರಿದ್ದರು. ಈಶಪ್ಪ ಬಗ್ಗಿ ಎರಡೂ ಪಾತ್ರೆಗಳನ್ನು ಬಹಳ ಹೊತ್ತು ನೋಡಿದ.

"ಎರಡರಾಗೂ ಅಷ್ಟೇ ಅದ ಅಂತೀರಿ, ಹೌದಿಲ್ರಿ?"

"ಹೌದು. ಕಣ್ಣಾರೆ ನೋಡಿದ್ರಲ್ಲ."

"ಹಂಗಾದ್ರ ನಾಳೆ ಒಂದು ಸೇರು ಜ್ವಾಳದ ರೊಕ್ಕ ತರ್ರಿ, ಪಾವು ಜ್ವಾಳ ಕೊಡ್ತೀನಿ. ಎರಡೂ ಅಷ್ಟೇ ಅದಾವಲ್ಲ."

ಸೇರಿದ್ದವರು ನಕ್ಕರು. ಎತ್ತರ ಒಂದೇ, ನೀರು ಒಂದೇ ಅಲ್ಲ, ಸೇರಿನಲ್ಲಿ ನೀರು ಹೆಚ್ಚೇ ಇದೆ ಎಂದು ಮನ್ಮಥಪ್ಪ ವಿವರಿಸಲು ಹೊರಟ. ಈಗಷ್ಟೇ ಒಂದೇ ಎಂದವನು ಈಗ ಹೆಚ್ಚು ಎನ್ನುತ್ತಾನೆ ಎಂದು ಜನ ಮತ್ತೂ ನಕ್ಕು ಚದುರಿದರು. ಅವನು ದಂಟು ಮುರಿದು ಎಸೆದು ಒಳಗೆ ಹೋದ. ಅಂದು ಅವನು ಬರೆದ ನಕಲುಗಳಲ್ಲಿ ಮೊದಲ ಸಲ ತಪ್ಪು ಬಂದವು.

ಎರಡು ವರ್ಷ ಹೀಗೇ ನಡೆಯಿತು. ಮೂರನೆಯ ವರ್ಷ ಬಿತ್ತನೆಗೆ ಬೇಕಾದ ಮಿರಗದ ಮಳೆ ಬರಲಿಲ್ಲ. ಹೊಲ ಹರಗಿಟ್ಟುಕೊಂಡು ಜನ ಮೋಡ ನೋಡುತ್ತಾ ಕೂತರು. ಆಗ ಊರಿನಲ್ಲಿ ಹೊಸ ಮಾತು ಹುಟ್ಟಿತು. ಉಣ್ಣುವವನ ಮುಂದೆ ರೊಟ್ಟಿ ಎಣಿಸಬಾರದು, ಎಣಿಸಿದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ಹಾಗೆಯೇ ದೇವರು ಕೊಡುವ ಮಳೆಯನ್ನು ದಿನಾ ಎಣಿಸಿ ಬರೆದಿಟ್ಟರೆ ಅದಕ್ಕೆ ಸಿಟ್ಟು ಬರದೇ ಇರುತ್ತದೆಯೇ? ಇದನ್ನು ಮೊದಲು ಆಡಿದವಳು ಸಾಯಮ್ಮ. ಕಚೇರಿಯ ಎದುರು ಓಣಿಯ ಮುದುಕಿ. ಮನ್ಮಥಪ್ಪನನ್ನು ಮಗನ ಹಾಗೆ ಏಕವಚನದಲ್ಲಿ ಮಾತಾಡಿಸುವವಳು. ಅವನು ಅವಳ ಕಟ್ಟೆಯ ಮೇಲೆ ಕುಳಿತು, ಸಿಟ್ಟು ಬರಲು ಮಳೆ ಮನುಷ್ಯನಲ್ಲ ಎಂದು ಅರ್ಧ ಗಂಟೆ ತಿಳಿಹೇಳಿದ. ಅವಳು ತಲೆದೂಗಿ ಕೇಳಿದಳು. ಒಪ್ಪಿದಳೆಂದೇ ಅವನು ತಿಳಿದ.

ಅದೇ ವಾರ ಮನ್ಮಥಪ್ಪ ಸೋದರತ್ತೆಯ ಮಗಳ ಮದುವೆಗೆಂದು ಒಬ್ಬನೇ ತಾಂಡೂರಿಗೆ ಹೋದ. ಡಬ್ಬಿಯನ್ನು ಚಪರಾಸಿ ನಾಮದೇವನಿಗೆ ಒಪ್ಪಿಸಿ, ಗಾಜು ಹೇಗೆ ಹಿಡಿಯಬೇಕು, ಗೆರೆ ಹೇಗೆ ಓದಬೇಕು ಎಂದು ಎರಡು ದಿನ ಕಲಿಸಿಯೇ ಹೋದ. ನಾಮದೇವ ಹೇಳಿದ್ದನ್ನು ಹೇಳಿದಂತೆ ಮಾಡುವವನು. ಸೋಮವಾರ ನಸುಕಿನಲ್ಲಿ ಐದು ಮಂದಿ ಹೆಂಗಸರು ಬಂದು ಡಬ್ಬಿಗೆ ವಿಭೂತಿ ಹಚ್ಚಿ, ಲಾಳಿಕೆಯಲ್ಲಿ ಬಿಲ್ವಪತ್ರಿ ಇಟ್ಟು, ತಪ್ಪಾಯಿತೆಂದು ಕೈಮುಗಿದು, ತಂಬಿಗೆ ತಂಬಿಗೆ ನೀರು ಸುರಿದು ಹೋದರು. ಎಂಟು ಗಂಟೆಗೆ ನಾಮದೇವ ಬಂದ. ಪತ್ರಿ ತೆಗೆದು ಬದಿಗಿಟ್ಟ. ತುಂಬಿ ತುಳುಕುತ್ತಿದ್ದ ನೀರನ್ನು ಒಂದು ಹನಿಯೂ ಚೆಲ್ಲದಂತೆ ಅಳೆದ. ನಾಲ್ಕು ಇಂಚು ಎಂಟು ಸೆಂಟು; ಇಂಚಿನ ನೂರನೆಯ ಪಾಲು ಒಂದು ಸೆಂಟು. ಅದನ್ನೇ ಬರೆದ. ಅಂಗಳದ ಮಣ್ಣು ಒಣಗಿದ್ದದ್ದು ಅವನಿಗೆ ಕಾಣಲಿಲ್ಲವೆಂದಲ್ಲ, ಮಣ್ಣು ನೋಡಿ ಬರೆಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ವಾರದ ಕಾಗದ ಟಪಾಲಿನಲ್ಲಿ ಹೋಯಿತು.

ಮನ್ಮಥಪ್ಪ ತಿರುಗಿ ಬಂದು ಹತ್ತು ದಿನಕ್ಕೆ ಹೈದರಾಬಾದಿನಿಂದ ಜವಾಬು ಕೇಳುವ ಕಾಗದ ಬಂತು. ಸುತ್ತಲಿನ ಎಲ್ಲ ಮಳೆ ಅಳೆಯುವ ಠಾಣೆಗಳಲ್ಲಿ ಸೊನ್ನೆ ಇರುವಾಗ ನಾರಾಯಣಖೇಡದಲ್ಲಿ ನಾಲ್ಕು ಇಂಚು ಹೇಗೆ? ಅವನು ರಿಜಿಸ್ಟರಿನಲ್ಲಿ ತಾನಿಲ್ಲದ ವಾರದ ಪುಟ ತಿರುವಿ ನೋಡಿ ತಲೆಗೆ ಕೈ ಹಚ್ಚಿ ಕೂತ. ನಾಮದೇವನನ್ನು ಕರೆದು ಕೇಳಿದಾಗ ವಿಷಯ ತಿಳಿಯಿತು. ಇದ್ದದ್ದು ಇದ್ದಂತೆ ಬರೆದ: ಹೆಂಗಸರು ಪೂಜೆ ಮಾಡಿ ನೀರು ಹಾಕಿದ್ದಾರೆ, ಮಳೆ ಬಿದ್ದಿಲ್ಲ, ದಯಮಾಡಿ ಸೊನ್ನೆ ಎಂದು ತಿಳಿಯಬೇಕು. ಎರಡು ವಾರಕ್ಕೆ ಅದಕ್ಕೂ ಉತ್ತರ ಬಂತು. ಅಂದಾಜಿನ ಮೇಲೆ ಸೊನ್ನೆ ಬರೆಯಲು ಕಾಯಿದೆಯಲ್ಲಿ ಜಾಗವಿಲ್ಲ. ಹೆಂಗಸರು ಹಾಕಿದ ನೀರು ಎಷ್ಟೆಂದು ಗೊತ್ತುಮಾಡಿ, ಅಳತೆಯಿಂದ ಕಳೆದು, ಉಳಿದದ್ದನ್ನು ಮಳೆಯೆಂದು ಬರೆದು ಕಳಿಸತಕ್ಕದ್ದು.

ಅವನು ಕಾಗದವನ್ನು ಮೂರು ಸಲ ಓದಿದ. ಪೇಶಕಾರ ಸಾಹೇಬರ ಮುಂದೆ ಹಿಡಿದರೆ ಅವರು, ಮೇಲಿನವರು ಕೇಳಿದ್ದಾರೆ, ಕಳೆದು ಕಳಿಸು ಎಂದಷ್ಟೇ ಹೇಳಿದರು. ಸಾಯಮ್ಮನ ಮನೆಗೆ ಹೋದ. ಅವಳು ಮುಚ್ಚಿಡಲಿಲ್ಲ. ಐದು ಮಂದಿ, ಒಬ್ಬೊಬ್ಬರದು ಐದೈದು ತಂಬಿಗೆ ಎಂದಳು. ಯಾರು ಯಾರು ಎಂದು ಕೇಳಿದ. ನಾಲ್ಕು ಹೆಸರು ಹೇಳಿದಳು. ಐದನೆಯವಳು ಯಾರೆಂದು ಒತ್ತಿ ಕೇಳಿದಾಗ, "ನಿಮ್ಮ ಮನ್ಯಾಗ ಕೇಳ್ಕೋ ತಮ್ಮಾ" ಎಂದಳು.

ಮನೆಗೆ ಬಂದಾಗ ಹೆಂಡತಿ ಕಾಂತಾಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನೀನೂ ಹೋಗಿದ್ದೆಯಾ ಎಂದ. ಹೋಗಿದ್ದೆ ಎಂದಳು.

"ನನ್ನ ಹೆಂಡ್ತಿ ಆಗಿ ನೀನೂ ಹಿಂಗ ಮಾಡಿದ್ರ ಹ್ಯಾಂಗ? ಅದು ಅಳತಿ ಡಬ್ಬಿ, ದೇವರಲ್ಲ ಅಂತ ನಿನಗ ಗೊತ್ತಿಲ್ಲೇನು?"

ಕಾಂತಾಬಾಯಿ ರೊಟ್ಟಿ ತಿರುವಿ ಹಾಕಿದಳು. "ನೀವು ದಿನಾ ಮುಂಜಾನಿ ಅಂಗೈ ಮ್ಯಾಗ ಲಿಂಗ ಇಟಗೊಂಡು ನೀರು ಹಾಕ್ತೀರಿ. ಅದು ಎಷ್ಟು ಇಂಚು ಆತು ಅಂತ ನಾ ಯಾವಾಗರ ಕೇಳೀನೇನ್ರಿ?"

"ಅದು ಬ್ಯಾರೆ, ಇದು ಬ್ಯಾರೆ."

"ಹ್ಯಾಂಗ ಬ್ಯಾರೆ ಹೇಳ್ರಿ. ತಿಳಕೋತೀನಿ."

ಅವಳು ಜಗಳಕ್ಕೆ ಕೇಳಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದಳು. ಅವನಿಗೆ ತಡೆಯಲಾಗದ್ದು ಅದೇ. ಎರಡೂ ಬೇರೆ ಎಂಬುದರಲ್ಲಿ ಅವನಿಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಆದರೆ ಕೊನೆಗೆ ಅವನು ಕೇಳಿದ್ದು ಒಂದು ತಂಬಿಗೆ ಕೊಡು ಎಂದಷ್ಟೇ. ಅವಳು ಕೊಟ್ಟಳು.

ಮರುದಿನ ಕಚೇರಿಯಲ್ಲಿ ತಂಬಿಗೆ ತುಂಬ ನೀರು ತಂದು ಗಾಜಿನಿಂದ ಅಳೆದ. ಒಂದು ತಂಬಿಗೆಗೆ ಎರಡೂವರೆ ಇಂಚು. ಇಪ್ಪತ್ತೈದು ತಂಬಿಗೆಗೆ ಅರವತ್ತೆರಡೂವರೆ. ನಾಲ್ಕು ಇಂಚು ಎಂಟು ಸೆಂಟಿನಿಂದ ಅದನ್ನು ಕಳೆದ. ಸೊನ್ನೆಗಿಂತ ಐವತ್ತೆಂಟು ಇಂಚು ಕಡಿಮೆ ಬಂತು. ಸುಮಾರು ಎರಡು ವರ್ಷದ ಮಳೆಯನ್ನು ನಾರಾಯಣಖೇಡವೇ ಆಕಾಶಕ್ಕೆ ಸುರಿದ ಲೆಕ್ಕ. ಹೆಚ್ಚಿನ ನೀರೆಲ್ಲ ಹೊರಗೆ ಚೆಲ್ಲಿ ಹೋಗಿದೆ, ಚೆಲ್ಲಿದ್ದು ಎಷ್ಟೆಂದು ದೇವರಿಗೇ ಗೊತ್ತು ಎಂದು ಬರೆದ. ದೇವರಿಗೇ ಗೊತ್ತು ಎಂಬುದನ್ನು ಹೊಡೆದು ಹಾಕಿ, ಗೊತ್ತಾಗುವಂತಿಲ್ಲ ಎಂದು ತಿದ್ದಿ ಕಳಿಸಿದ.

ಇದನ್ನು ಓದಿದ ಮೇಲೆ ಹೈದರಾಬಾದಿನಿಂದ ಇನ್ಸ್‌ಪೆಕ್ಟರ್ ಸಾಹೇಬರೊಬ್ಬರು ಜಹೀರಾಬಾದಿನವರೆಗೆ ರೈಲಿನಲ್ಲಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬಂದರು. ಅಷ್ಟರಲ್ಲಿ ಮಳೆ ಹತ್ತಿ ಹೊಲಗಳಲ್ಲಿ ಹೆಸರುಕಾಳಿನ ಬೆಳೆ ಹೂಬಿಟ್ಟಿತ್ತು. ಸಾಹೇಬರು ಡಬ್ಬಿ ನೋಡಿದರು, ಸುತ್ತ ತಂತಿಬೇಲಿ ಹಾಕಿ ಬೀಗ ಹಚ್ಚಲು ಹುಕುಂ ಮಾಡಿದರು. ಹೋಗುವ ಮುನ್ನ ಸಾಯಮ್ಮನನ್ನು ಕರೆಸಿ, ಇದು ಸರ್ಕಾರದ ಪಾತ್ರೆ, ಇದಕ್ಕೆ ನೀರು ಹಾಕಿದರೆ ಮಳೆ ಬರುವುದಿಲ್ಲ ಎಂದು ತಿಳಿಸಲು ಮನ್ಮಥಪ್ಪನಿಗೆ ಹೇಳಿದರು. ಅವನು ಕನ್ನಡದಲ್ಲಿ ಹೇಳಿದ.

"ನೀರು ಹಾಕಿದ ಎಂಟನೇ ದಿನ ಮಳಿ ಬಂತು, ಹೌದಿಲ್ಲೋ?" ಎಂದಳು ಸಾಯಮ್ಮ. "ನಿನ್ನ ಬುಕ್ಕಿನಾಗ ನೀನೇ ಬರದಿ. ನೋಡಿ ಹೇಳು."

ರಿಜಿಸ್ಟರಿನಲ್ಲಿ ಹಾಗೇ ಇತ್ತು. ಸೋಮವಾರ ಪೂಜೆ, ಮುಂದಿನ ಸೋಮವಾರ ಒಂದು ಇಂಚು ಹನ್ನೆರಡು ಸೆಂಟು. ಮನ್ಮಥಪ್ಪ ಬಿಡಲಿಲ್ಲ. ಅದೇ ದಿನ ನ್ಯಾಲ್ಕಲ್ ಊರಿನಲ್ಲೂ ಮಳೆಯಾಗಿದೆ, ಅಲ್ಲಿ ಯಾರೂ ಯಾವ ಡಬ್ಬಿಗೂ ನೀರು ಹಾಕಿಲ್ಲ ಎಂದ.

"ಹಂಗಾದ್ರ ನಾವು ಹಾಕಿದ್ದು ಅವರಿಗೂ ಮುಟ್ಯಾದ" ಎಂದು ಸಾಯಮ್ಮ ಸಂತೋಷಪಟ್ಟಳು.

ಏನೆನ್ನುತ್ತಾಳೆ ಎಂದು ಸಾಹೇಬರು ಉರ್ದುವಿನಲ್ಲಿ ಕೇಳಿದರು. ಒಪ್ಪಿಕೊಂಡಳು ಎಂದು ಮನ್ಮಥಪ್ಪ ಹೇಳಿಬಿಟ್ಟ. ನೌಕರಿಗೆ ಸೇರಿದ ಮೇಲೆ ಅವನು ಗೊತ್ತಿದ್ದೂ ಹೇಳಿದ ಸುಳ್ಳು ಅದೊಂದೇ. ಹೇಳಿದ ಮೇಲೆ ಪಶ್ಚಾತ್ತಾಪಕ್ಕಿಂತ ಆಯಾಸವೇ ಹೆಚ್ಚಾಯಿತು.

ಮರುವರ್ಷ ಅವನು ಅರ್ಜಿ ಹಾಕಿ ಜಹೀರಾಬಾದಿಗೆ ವರ್ಗ ಮಾಡಿಸಿಕೊಂಡ. ಅಲ್ಲಿ ಬರಿಯ ನಕಲು ಬರೆಯುವ ಕೆಲಸ. ಕಾಂತಾಬಾಯಿಗೆ ಕೊಡಬೇಕಾದ ಉತ್ತರ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೋಗುವಾಗಲೂ ಸಿಕ್ಕಿರಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ. ಅವನ ಜಾಗಕ್ಕೆ ರಾಮಚಂದ್ರ ಎಂಬ ಹೊಸ ಗುಮಾಸ್ತ ಬಂದ. ಮೂರು ವಾರ ಕಳೆಯುವುದರಲ್ಲಿ ಅವನ ಕಾಗದ ಬಂತು: ಜನ ಉಸಿರಾಡಲು ಬಿಡುತ್ತಿಲ್ಲ, ಹೊಲ ದೊಡ್ಡದು ಡಬ್ಬಿ ಸಣ್ಣದು ಎನ್ನುತ್ತಾರೆ, ಭೂಮಿ ತಿರುಗಿದರೆ ಬಾವಿ ಯಾಕೆ ಚೆಲ್ಲುವುದಿಲ್ಲ ಎನ್ನುತ್ತಾರೆ, ತಾವು ಏನು ಉತ್ತರ ಕೊಡುತ್ತಿದ್ದಿರಿ, ದಯಮಾಡಿ ತಿಳಿಸಬೇಕು.

ಮನ್ಮಥಪ್ಪ ನಾಲ್ಕು ಪುಟ ಬರೆದು ಹರಿದು ಹಾಕಿದ. ಆಮೇಲೆ ಒಂದು ಕಾರ್ಡಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದ: ಸರಿಯಾಗಿ ಎಂಟಕ್ಕೆ ಅಳೆಯಿರಿ. ಗಾಜು ಜೋಪಾನ, ಒಡೆದರೆ ಹೊಸದು ಬರಲು ನಾಲ್ಕು ತಿಂಗಳು. ಉತ್ತರ ನನಗೆ ಸಿಕ್ಕಿಲ್ಲ, ನಿಮಗೆ ಸಿಕ್ಕರೆ ತಿಳಿಸಿ.

ರಾಮಚಂದ್ರನಿಂದ ಮತ್ತೆ ಕಾಗದ ಬರಲಿಲ್ಲ.